ಬಿನ್ನೆತ್ತೆಗೂ ಮೊದಲಿನ ಪಾಠ

ವಿದ್ಯೆಯೆಂದೊಡನೆ ಜನರು ಅಕ್ಷರವನ್ನು ನೆನೆಯುವರು. ಗುರುವೆಂದೊಡನೆ ಅಕ್ಷರ ತಿದ್ದಿಸಿದವರನ್ನು ನೆನೆಯುವರು. ಹಿಂದಿನ ಮುಂಬಯಿ ಪ್ರಾಂತದ ಕನ್ನಡ ಶಾಲೆಗಳಲ್ಲಿ ಒಂದನೆಯ ಇಯತ್ತೆಗಿಂತ ಕೆಳಗೆ ಬಿನ್ನೆತ್ತೆಯೆಂಬ ವರ್ಗವಿರುತ್ತಿತ್ತು. ಅದರ ಮಾಸ್ತರರ ಹೆಸರನ್ನು ಮುಪ್ಪಿನಲ್ಲಿಯೂ ಮರೆಯದವರು ಚಿಕ್ಕೋಡಿ, ಅಥಣಿಗಳ ಕಡೆಗೆ ಉಂಟು. ಕಾಗವಾಡದ ಸಮೀಪದ ಶೇಡಬಾಳದಲ್ಲಿ 1918ರಲ್ಲಿ ಜನಿಸಿದ, ಸ್ವತಃ ಶಿಕ್ಷಕರಾಗಿದ್ದ ಮಿರ್ಜಿ ಅಣ್ಣಾರಾಯರು ‘ರಾಮಣ್ಣ ಮಾಸ್ತರು’ ಎಂಬ ಕಾದಂಬರಿಯನ್ನೇ ಬರೆದರು. ಆದರೆ ಬಿನ್ನೆತ್ತೆಗೂ ಮೊದಲು, ಮೂರರಿಂದ ಆರು ವರುಷದ ಕೂಸುಗಳನ್ನು ಸುತ್ತಲೂ ಕುಳ್ಳಿರಿಸಿಕೊಂಡು ಅವುಗಳ ಅಂಜಿಕೆ ಬಿಡಿಸಿ ಮಾತನಾಡಿಸಿದ ಗುರುವನ್ನು ನೆನೆಯುವವರಾರು? ಆ ವಯಸ್ಸಿನ ನೆನಪು ಮನುಷ್ಯನಲ್ಲಿ ಉಳಿಯುವದು ತೀರ ಕಡಿಮೆ. ಉಳಿಯುವದು ಕಲಿತ ಮಾತು, ಕಲಿಸಿದವಳಲ್ಲ.

ಈ ಸೀಮೆಯು ಶಿಕ್ಷಣದ ಚಿಂತೆಯಿಲ್ಲದ ಸೀಮೆಯಲ್ಲ. ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1917ರಲ್ಲಿ, ಶಾಹೂ ಮಹಾರಾಜರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗುವಂತೆ ವಿಧಿಸಿದರು. ಆದರೆ ಆ ಕಾಲದ ದೃಷ್ಟಿಯೆಲ್ಲ ಶಾಲೆಗೆ ನಡೆದು ಹೋಗಬಲ್ಲ ಮಕ್ಕಳ ಮೇಲೆ. ಅದಕ್ಕೂ ಚಿಕ್ಕ ಕೂಸುಗಳ ಕಡೆಗೆ ಕಣ್ಣು ತಿರುಗಿಸಿದವರು ಬೇರೆ ಕಡೆಯವರು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತದ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯೆಂಬ ಹಳ್ಳಿಯಲ್ಲಿ, ಮುಂದೆ ಕೋಸಬಾಡದ ಗುಡ್ಡದ ಮೇಲೆ, ಅನುತಾಯಿ ವಾಘರ ಸಂಗಡ ಬಡವರ ಮತ್ತು ಆದಿವಾಸಿಗಳ ಮಕ್ಕಳಿಗಾಗಿ ಕೆಲಸ ಮಾಡಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಅವರ ಮತ. ಅಂಗನವಾಡಿಯೆಂಬ ಮಾತು ಬೆಳೆದುದು ಈ ಬೇರಿನಿಂದಲೇ. 1975ರ ಅಕ್ಟೋಬರ 2ರಂದು ಭಾರತ ಸರಕಾರವು 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲ ನೆಲೆಯಾದುದು ಟಿ. ನರಸೀಪುರ. ಕ್ರಮೇಣ ಅದು ಕೃಷ್ಣೆ, ದೂಧಗಂಗೆಗಳ ದಂಡೆಗೂ ಬಂದಿತು.

ಅಂಥ ಒಂದು ಅಂಗನವಾಡಿಯ ಶಿಕ್ಷಕಿಯ ವೃತ್ತಾಂತವಿದು. ಈಕೆ ಹುಟ್ಟಿದುದು ನಿಪ್ಪಾಣಿಯಲ್ಲಿ; ಸೊಸೆಯಾಗಿ ಬಂದುದು ಹೊಳೆಯ ದಂಡೆಯ ಹಳ್ಳಿಗೆ. ನಿಪ್ಪಾಣಿಯು ತಂಬಾಕಿನ ಊರು. ಈಕೆಯ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸಿದವಳು. ಮೊರದಲ್ಲಿ ಎಲೆ, ತಂಬಾಕು, ದಾರ, ಮಗ್ಗುಲಲ್ಲಿ ಕೂಸು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಬರುವ ಕೆಲಸದಲ್ಲಿ ಕೈಗೆ ಬಿಡುವಿರಲಿಲ್ಲ. ಆದರೆ ಆ ತಾಯಿಯ ಬಾಯಿಗೆ ಬಿಡುವಿತ್ತು. ಎಲೆ ಕತ್ತರಿಸುತ್ತ ಕತೆ ಹೇಳುವಳು. ದಾರ ಸುತ್ತುತ್ತ ಒಗಟು ಕೇಳುವಳು. ಕಟ್ಟಿದ ಬೀಡಿಗಳನ್ನು ಮಗಳಿಂದಲೇ ಎಣಿಸುವಳು. ಸಾಲಿಯ ಮೋರೆ ಕಾಣದ ಆ ಹೆಂಗಸೇ ಮಗಳಿಗೆ ಮೊದಲಿನ ಅಧ್ಯಾಪನಶಾಸ್ತ್ರವನ್ನು ಕಲಿಸಿದಳೆನ್ನಬೇಕು.

ಹತ್ತನೆಯ ಇಯತ್ತೆ ತೇರ್ಗಡೆಯಾಗಿದ್ದ ಮಗಳು ಮದುವೆಯಾಗಿ ಕೆಲವು ವರುಷಗಳ ತರುವಾಯ ಅಂಗನವಾಡಿಯ ಕಾರ್ಯಕರ್ತೆಯಾದಳು. ಈ ಕೆಲಸಕ್ಕೆ ದೊರೆಯುವದು ಸಂಬಳವಲ್ಲ, ಗೌರವಧನ. ಆಹಾರ ಬಡಿಸುವದು, ತೂಕ ನೋಡುವದು, ಚುಚ್ಚುಮದ್ದಿನ ದಿನ ತಾಯಂದಿರನ್ನು ಕರೆತರುವದು, ಬಸುರಿ ಬಾಣಂತಿಯರ ಲೆಕ್ಕವಿಡುವದು, ದಫ್ತರ ತುಂಬುವದು, ಇವೆಲ್ಲವುಗಳ ನಡುವೆ ಉಳಿದ ಹೊತ್ತು ಪಾಠಕ್ಕೆ. ಆರಂಭದಲ್ಲಿ ಆಕೆ ಎಲ್ಲರಂತೆ ಗೋಡೆಗೆ ಪಟ ತೂಗಹಾಕಿ, ಅ ಎಂದರೆ ಅರಸ, ಆ ಎಂದರೆ ಆನೆ ಎಂದು ಹೇಳಿಕೊಟ್ಟಳು. ಮಕ್ಕಳು ಗಿಳಿಗಳಂತೆ ಒಪ್ಪಿಸಿದರು. ಒಂದು ದಿನ ಅರಸನೆಂದರೆ ಯಾರೆಂದು ಕೇಳಲು, ಒಬ್ಬರಿಗೂ ತಿಳಿಯಲಿಲ್ಲ. ಅರಸನನ್ನು ಕಾಣದ ಕೂಸಿಗೆ ಅರಸನ ಅಕ್ಷರದಿಂದೇನು?

ಅಂದಿನಿಂದ ಆಕೆಯ ಕ್ರಮ ಬದಲಾಯಿತು. ಪಟವು ಗೋಡೆಯ ಮೇಲೆಯೇ ಇದ್ದಿತು. ನೆಲದ ಮೇಲೆ ಹುಣಸೆಯ ಬೀಜ, ಕವಡೆ, ಜೋಳದ ದಂಟಿನ ಬೆಂಡು, ಹೊಳೆಯ ಮಣ್ಣು ಬಂದವು. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿಯೂ ಎತ್ತು ಮಾಡುವರಷ್ಟೆ. ಆಕೆಯ ಅಂಗಳದಲ್ಲಿ ಆ ಅಮಾವಾಸ್ಯೆ ವಾರಕ್ಕೊಮ್ಮೆ ಬರುವದು. ಬೀಜ ಹೆಕ್ಕಿ ಹೆಕ್ಕಿ ಬೆರಳಿಗೆ ಬಿಗುವು, ಮಣ್ಣು ನಾದಿ ನಾದಿ ಅಂಗೈಗೆ ಬಲ. ರಂಗೋಲಿಯ ಪುಡಿಯಲ್ಲಿ ಮಕ್ಕಳು ದುಂಡು, ಅರೆದುಂಡು ಎಳೆಯುವರು. ಕನ್ನಡದ ಲಿಪಿಯು ದುಂಡಿನ ಲಿಪಿ. ಮೊದಲಿನ ತರಗತಿಯ ಪುಸ್ತಕಗಳು ಅಕಾರವನ್ನು ಬಿಟ್ಟು ರ, ಗ, ಸ, ದ ಎಂದು ತೊಡಗುವದು ಇದಕ್ಕಾಗಿಯೇ: ಕೈಗೆ ಸುಲಭವಾದುದು ಮೊದಲು. ಆಕೆಯಾದರೋ ಅದಕ್ಕಿಂತಲೂ ಒಂದು ಮೆಟ್ಟಿಲು ಕೆಳಗಿಳಿದು, ಅಕ್ಷರವಾಗುವ ಮೊದಲಿನ ಗೆರೆಯನ್ನು ಕಲಿಸಿದಳು. ಮೂಢರಾದ ರಾಜಪುತ್ರರಿಗೆ ನೀತಿಶಾಸ್ತ್ರವನ್ನು ಕತೆಗಳಿಂದಲೇ ಬೋಧಿಸಿದ ವಿಷ್ಣುಶರ್ಮನ ವಂಶಕ್ಕೆ, ಪಂಚತಂತ್ರವನ್ನೋದದ ಈ ಹೆಣ್ಣುಮಗಳೂ ಸೇರಿದವಳೇ ಸರಿ.

ಎಲ್ಲಕ್ಕಿಂತ ಕಠಿಣವಾದುದು ಭಾಷೆಯ ಮಾತು. ಈ ಐದು ತಾಲೂಕುಗಳಲ್ಲಿ ಒಂದೇ ಓಣಿಯಲ್ಲಿ ಕನ್ನಡದ ಮನೆ, ಮರಾಠಿಯ ಮನೆ, ಉರ್ದುವಿನ ಮನೆ. ಉಗಾರದಲ್ಲಿ 1939ರಲ್ಲಿ ಸ್ಥಾಪಿತವಾದ ಸಕ್ಕರೆಯ ಕಾರಖಾನೆ ಮೊದಲುಗೊಂಡು ಹಲವು ಕಾರಖಾನೆಗಳು ಇಲ್ಲಿರುವದರಿಂದ, ಕಬ್ಬು ಕಡಿಯುವ ಸುಗ್ಗಿಯಲ್ಲಿ ಪರಸ್ಥಳದ ಕೂಲಿಕಾರರ ಮಕ್ಕಳೂ ನಾಲ್ಕಾರು ತಿಂಗಳು ಬಂದು ಹೋಗುವವು. ಕನ್ನಡದ ಮಕ್ಕಳು ಶಿಕ್ಷಕಿಯನ್ನು ‘ಅಕ್ಕೋರೆ’ ಎನ್ನುವರು. ಮರಾಠಿಯ ಮಕ್ಕಳು ‘ಬಾಯಿ’ ಎನ್ನುವರು. ಮೊದಲ ಸಲ ಅದನ್ನು ಕೇಳಿದ ಕನ್ನಡದ ಕೂಸೊಂದು ತನ್ನ ಬಾಯಿಯನ್ನು ಮುಟ್ಟಿ ತೋರಿಸಿ ನಕ್ಕಿತು. ಕರೆದ ಕೂಸು ನಾಚಿ ಗೋಡೆಯ ಕಡೆಗೆ ತಿರುಗಿತು. ಶಿಕ್ಷಕಿ ಯಾರನ್ನೂ ಗದರಲಿಲ್ಲ. ತಾನೂ ತನ್ನ ಬಾಯಿಯನ್ನು ಮುಟ್ಟಿ, ‘ಇದೂ ಬಾಯಿ, ನಾನೂ ಬಾಯಿ’ ಎಂದಳು. ಅಂದು ಇಡೀ ದಿನ ಅದೇ ಆಟ. ಕನ್ನಡದಲ್ಲಿ ಹೆತ್ತವಳು ತಾಯಿ, ಮರಾಠಿಯಲ್ಲಿ ಅಕ್ಕನೇ ತಾಯಿ ಎಂಬುದೂ ಹೀಗೆಯೇ ಮಕ್ಕಳಿಗೆ ತಿಳಿದು, ನಗೆಯಿಂದ ಯಾರ ಮನಸ್ಸೂ ನೋಯದಂತಾಯಿತು.

2019ರ ಆಗಸ್ಟದಲ್ಲಿ ಕೃಷ್ಣೆಗೆ ಮಹಾಪೂರ ಬಂದು ದಂಡೆಯ ಹಳ್ಳಿಗಳು ಮುಳುಗಿದವು. ಜನರು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದು, ನೀರು ಇಳಿದ ಮೇಲೆ ಕೆಸರು ತುಂಬಿದ ಮನೆಗಳಿಗೆ ಮರಳಿದರು. ಅಂಗನವಾಡಿಯಲ್ಲಿ ಮರಾಠಿ ಮನೆಯ ನಾಲ್ಕು ವರುಷದ ಹುಡುಗನೊಬ್ಬನಿದ್ದನು. ಜೂನದಲ್ಲಿ ಸೇರಿದಂದಿನಿಂದ ಅವನು ಅಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಮೂಗನಿರಬಹುದೆಂದು ನೆರೆಯವರು ಆಡಿಕೊಂಡಿದ್ದರು. ಮರಳಿ ಬಾಗಿಲು ತೆರೆದ ಮೇಲೆ ಶಿಕ್ಷಕಿ ಹಾಡು ಹೇಳಿಸಲಿಲ್ಲ, ಅಂಕೆ ಎಣಿಸಲಿಲ್ಲ; ಪರಾತದಲ್ಲಿ ನೀರು, ಪಕ್ಕದಲ್ಲಿ ಮಣ್ಣು ಇರಿಸಿ ಸುಮ್ಮನೆ ಕುಳಿತಳು. ಮಕ್ಕಳು ತಾವಾಗಿಯೇ ಮಹಾಪೂರದ ಆಟ ಹೂಡಿದರು. ಒಬ್ಬರ ಮನೆ ಮುಳುಗಿತು, ಒಬ್ಬರ ಕೋಳಿ ಮಾಳಿಗೆ ಏರಿತು. ಆ ಹುಡುಗನು ಮಣ್ಣಿನ ಎತ್ತೊಂದನ್ನು ಮಾಡಿ ನೀರಿಗೆ ಇಳಿಸಿದನು. ಎತ್ತು ಕರಗತೊಡಗಿತು. ಆಗ ಅವನು, ‘ಆಮಚಾ ಬೈಲ ಗೇಲಾ’ ಎಂದನು.

ಅವನ ಮನೆಯ ಎತ್ತು ನಿಜವಾಗಿಯೂ ಹೊಳೆಯ ಪಾಲಾಗಿತ್ತು. ಶಿಕ್ಷಕಿ ಅವನನ್ನು ಬಳಿಗೆ ಕರೆದು, ಮೊದಲು ಅವನ ಮಾತಿನಲ್ಲಿಯೇ, ‘ಹೋಯ ಬಾಳಾ, ತುಮಚಾ ಬೈಲ ಗೇಲಾ’ ಎಂದಳು. ಬಳಿಕ ಮೆಲ್ಲಗೆ, ‘ನಿಮ್ಮ ಎತ್ತು ಹೋಯಿತು’ ಎಂದಳು. ಮಗ್ಗುಲಲ್ಲಿದ್ದ ಕನ್ನಡದ ಹುಡುಗಿಯು ತನ್ನ ಎತ್ತನ್ನು ಅವನ ಮುಂದೆ ಸರಿಸಿದಳು. ದೀಪಾವಳಿಯ ಹೊತ್ತಿಗೆ ಹುಡುಗನು ಎರಡು ಭಾಷೆಗಳಲ್ಲಿಯೂ ಜಗಳಾಡುತ್ತಿದ್ದನು. ಆ ದಿನ ಆಕೆ ಅವನ ಮಾತನ್ನು ತಿದ್ದಿ, ಬೈಲವಲ್ಲ ಎತ್ತೆನ್ನು ಎಂದಿದ್ದರೆ ಅವನು ಎಷ್ಟು ಕಾಲ ಮತ್ತೆ ಮೌನವಾಗಿರುತ್ತಿದ್ದನೋ ಹೇಳಬರುವದಿಲ್ಲ. ಪರಭಾಷೆಯು ಮಗುವಿಗೆ ಎರಡನೆಯ ಮನೆಯಾಗಬೇಕಾದರೆ ಮೊದಲಿನ ಮನೆಯ ಬಾಗಿಲನ್ನು ಮುಚ್ಚಬಾರದು.

ಆದರೆ ಇಂಥ ಫಲವು ಯಾವ ದಫ್ತರದಲ್ಲಿಯೂ ಏರುವದಿಲ್ಲ. ಹುಡುಗನ ತಂದೆಯು ಶಿಕ್ಷಕಿಯ ಬಳಿಗೆ ಬಂದು, ‘ಅಕ್ಕೋರೆ, ಹುಡುಗ ಇನ್ನೂ ಪಾಟಿ ಹಿಡಿದಿಲ್ಲ. ಪೇಟೆಯ ಕಾನ್ವೆಂಟಿನಲ್ಲಿ ಇವನ ಓರಗೆಯವರು ಎ ಬಿ ಸಿ ಡಿ ಬರೆಯುತ್ತಾರೆ’ ಎಂದನು. ಎತ್ತು ಕಳೆದುಕೊಂಡು ಸಾಲ ಮಾಡಿದವನಿಗೆ ಮಗನಾದರೂ ಬೇಗ ಕಲಿತು ಮೇಲೆ ಬರಲೆಂಬ ಆತುರವು ಸಹಜ, ಅದನ್ನು ಹಳಿಯಲಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರುಷದವರೆಗಿನದನ್ನು ಒಂದೇ ಬುನಾದಿಯ ಹಂತವೆಂದೆಣಿಸಿ, ಆಟವೇ ಅದರ ಮಾರ್ಗವೆಂದು ಒಪ್ಪಿದೆ. ಆದರೆ ನೀತಿ ಒಪ್ಪಿದುದನ್ನು ಓಣಿ ಒಪ್ಪಲು ಕಾಲ ಬೇಕು. ಹುಡುಗನ ಹೆಸರು ಅಂಗನವಾಡಿಯ ಹಾಜರಿಯಿಂದ ಹೋಯಿತು. ಶಿಕ್ಷಕಿ ತಡೆಯಲಿಲ್ಲ, ಒಂದೇ ಮಾತು ಬೇಡಿದಳು: ‘ಅಣ್ಣಾ, ಎಲ್ಲಿಯಾದರೂ ಓದಿಸಿರಿ, ರಾತ್ರಿ ಅವನ ಅಜ್ಜಿ ಹೇಳುವ ಕತೆ ಮಾತ್ರ ನಿಲ್ಲಿಸಬೇಡಿರಿ.’

ಆ ಹುಡುಗನು ಮುಂದೆ ಯಾವ ಮಾಸ್ತರರನ್ನು ತನ್ನ ಮೊದಲ ಗುರುವೆಂದು ಹೇಳುವನೋ ಯಾರು ಬಲ್ಲರು? ಈಕೆಯ ಹೆಸರನ್ನು ಹೇಳನು, ಹೇಳಲಾರನು. ಅದರ ಖೇದವು ಆಕೆಗಿದ್ದಂತೆ ಕಾಣುವದಿಲ್ಲ. ಮರುದಿನದ ಅಡಿಗೆಗೆ ಬೇಳೆ ಅಳೆಯಬೇಕು, ಹೊಸ ಕೂಸೊಂದರ ಅಳು ನಿಲ್ಲಿಸಬೇಕು. ಖೇದಪಡಬೇಕಾದುದು ಊರು. ಪ್ರತಿ ಹಳ್ಳಿಯಲ್ಲಿಯೂ ಕತೆ ಬಲ್ಲ ಮುದುಕಿಯರು, ಬೆಂಡಿನ ಬಂಡಿ ಮಾಡಬಲ್ಲ ಮುದುಕರು ಕಟ್ಟೆಯ ಮೇಲೆ ಹೊತ್ತು ಕಳೆಯುತ್ತಿರುವರು. ಅವರಲ್ಲಿ ಒಬ್ಬೊಬ್ಬರು ವಾರಕ್ಕೆ ಅರ್ಧ ತಾಸು ಅಂಗನವಾಡಿಯ ಹೊಸತಿಲನ್ನು ದಾಟಿದರೆ ಸಾಕು. ದಫ್ತರ ತುಂಬುವ ಕೈಗೆ ತುಸು ಬಿಡುವು ದೊರೆತೀತು, ಮಕ್ಕಳ ಕಿವಿಗೆ ಇನ್ನೊಂದು ಕತೆ ಬಿದ್ದೀತು. ಇದಕ್ಕೆ ಕಾನೂನೂ ಬೇಡ, ಅನುದಾನವೂ ಬೇಡ. ಈ ಮಾತನ್ನು ಓದಿದ ಹಿರಿಯರು ಬರುವ ಸೋಮವಾರವೇ ಒಮ್ಮೆ ಹೋಗಿ ನೋಡಲಿ.