ಬೀಗದ ಕೈ ಪೆಟ್ಟಿಗೆಯೊಳಗೆ

ಯಂತ್ರವೊಂದು ಎಚ್ಚರಗೊಳ್ಳುವಾಗ ತನ್ನೊಡನೆ ಏನನ್ನು ಹೊತ್ತು ತರಬೇಕು, ಏನನ್ನು ಆಮೇಲೆ ಹುಡುಕಿಕೊಂಡರೆ ಸಾಕು ಎಂಬುದನ್ನು ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ವರ್ಷಗಳನ್ನು ಕಳೆದ ನಮಗೆ ಈ ಸಂಗತಿ ತಿಳಿದದ್ದು ನಲವತ್ತು ದಾಟಿದ ಮೇಲೆ. ಕಲಿಸಿದ್ದು ಅಂಗೈಯಗಲದ ಒಂದು ಕಂಪ್ಯೂಟರ್ ಹಲಗೆ.

ಡೊಂಬಿವಲಿ, ಕಲ್ಯಾಣ, ಥಾಣೆಗಳಲ್ಲಿ ನೆಲೆಸಿರುವ ಕನ್ನಡದ ಹಿರಿಯರ ಮಾತುಗಳನ್ನು ನಾವು ಕೆಲವು ವರ್ಷಗಳಿಂದ ಧ್ವನಿಮುದ್ರಿಸಿಕೊಳ್ಳುತ್ತಿದ್ದೇವೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರು ಅವರಲ್ಲಿದ್ದಾರೆ. 1982ರ ಗಿರಣಿ ಮುಷ್ಕರದ ತರುವಾಯ ಪರೇಲಿನ ಚಾಳು ಬಿಟ್ಟು ಈಚೆಗೆ ಬಂದವರಿದ್ದಾರೆ. ಮುದ್ರಿಸಿಕೊಂಡ ಮೇಲೆ ಇಬ್ಬರು ತೀರಿಕೊಂಡರು. ಹಲವು ಫೋನುಗಳಲ್ಲಿ ಚದುರಿದ್ದ ಈ ದನಿಗಳನ್ನು ಒಂದೆಡೆ ಕೂಡಿಟ್ಟು, ಬಳಗದವರು ಯಾರು ಬಂದರೂ ಕೇಳುವಂತೆ ಮಾಡಬೇಕೆಂದು ಅಕ್ಕನ ಮಗನಿಗೆ ಹೇಳಿದೆವು. ಅವನು ಕಲ್ಯಾಣದಲ್ಲಿ ಬೆಳೆದು, ನವಿ ಮುಂಬಯಿಯ ಮಹಾಪೆಯಲ್ಲಿ ಇಂಥ ಪುಟ್ಟ ಯಂತ್ರಗಳ ಕೆಲಸದಲ್ಲಿರುವ ಹುಡುಗ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬಾರದು.

ಅವನು ತಂದ ಹಲಗೆಯಲ್ಲಿ 512 ಎಂಬಿ ನ್ಯಾಂಡ್ ಫ್ಲ್ಯಾಶ್ ಇತ್ತು. ಮಾತನ್ನು ಸೆಕೆಂಡಿಗೆ 24 ಕಿಲೋಬಿಟ್ಟಿನಂತೆ ಅಡಕಗೊಳಿಸಿದರೆ ಗಂಟೆಗೆ ಸುಮಾರು 11 ಎಂಬಿ ಆಗುತ್ತದೆ. ಯಂತ್ರದ ಸ್ವಂತ ಸಾಮಾನು ಬಿಟ್ಟೂ ಮೂವತ್ತು ಗಂಟೆಗಳ ಮಾತು ಅದರಲ್ಲಿ ಹಿಡಿಸುತ್ತದೆ.

ಫ್ಲ್ಯಾಶ್ ಸ್ಮೃತಿಯನ್ನು ರೂಪಿಸಿದವರು ತೋಶಿಬಾ ಕಂಪನಿಯ ಫುಜಿಯೊ ಮಸುವೊಕ. ನ್ಯಾಂಡ್ ಬಗೆಯನ್ನು ಅವರ ತಂಡ ಪ್ರಕಟಿಸಿದ್ದು 1987ರಲ್ಲಿ. ಇದರ ಗುಣ ವಿಚಿತ್ರವಾದದ್ದು. ನಮ್ಮ ಹಲಗೆಯಲ್ಲಿ ಬರೆಯುವುದು 2 ಕೆಬಿಯ ಪುಟಗಳಲ್ಲಿ, ಅಳಿಸುವುದು ಮಾತ್ರ 128 ಕೆಬಿಯ ಇಡೀ ಬ್ಲಾಕನ್ನು. ಒಂದು ಪುಟವನ್ನು ತಿದ್ದಬೇಕಾದರೂ ಬರೆದ ಜಾಗದ ಮೇಲೆಯೇ ಮತ್ತೆ ಬರೆಯುವಂತಿಲ್ಲ. ಹೊಸದನ್ನು ಬೇರೆಡೆ ಬರೆದು ಹಳೆಯದನ್ನು ಕಸವೆಂದು ಗುರುತಿಸಬೇಕು. ಅಳಿಸಿದಷ್ಟೂ ಬ್ಲಾಕು ಸವೆಯುತ್ತದೆ. ಒಂದೇ ಬ್ಲಾಕಿನ ಮೇಲೆ ಸದಾ ಹೊರೆ ಬಿದ್ದರೆ ಅದು ಬೇಗ ಸಾಯುತ್ತದೆ. ಸಂಘದ ಪ್ರತಿ ಕಾರ್ಯಕ್ರಮಕ್ಕೂ ಕುರ್ಚಿ ಜೋಡಿಸುವ ಅದೇ ಇಬ್ಬರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 4,096 ಬ್ಲಾಕುಗಳಿಗೂ ಹೊರೆಯನ್ನು ಸಮನಾಗಿ ಹಂಚುವುದು, ಕೆಟ್ಟ ಬ್ಲಾಕುಗಳನ್ನು ಬಳಸಿ ಹೋಗುವುದು ಯುಬಿಐ ಎಂಬ ಪದರದ ಕೆಲಸ. ಅದರ ಮೇಲೆ ಕುಳಿತು ಹೆಸರು, ಕಡತ, ಸೂಚಿಗಳನ್ನು ನೋಡಿಕೊಳ್ಳುವುದು ಯುಬಿಐಎಫ್‌ಎಸ್ ಎಂಬ ಕಡತ ವ್ಯವಸ್ಥೆ. ಇದು ನೋಕಿಯಾದ ಎಂಜಿನಿಯರುಗಳು ಹಂಗೆರಿಯ ಸೆಗೆಡ್ ವಿಶ್ವವಿದ್ಯಾಲಯದ ನೆರವಿನಿಂದ ಕಟ್ಟಿದ್ದು. 2008ರಲ್ಲಿ ಲಿನಕ್ಸ್ ಕರ್ನೆಲ್ಲಿನ 2.6.27ನೆಯ ಆವೃತ್ತಿಯಲ್ಲಿ ಸೇರಿತು. ಮಳೆಗಾಲದಲ್ಲಿ ಹೇಳದೆ ಕೇಳದೆ ವಿದ್ಯುತ್ ಹೋದರೂ ಕಡತ ವ್ಯವಸ್ಥೆಯ ಒಳಗಟ್ಟು ಮುರಿಯದಂತೆ ದಿನಚರಿ ಬರೆದುಕೊಳ್ಳುವುದು ಇದರ ಹೆಚ್ಚುಗಾರಿಕೆ.

ಇಷ್ಟೆಲ್ಲ ಇದ್ದೂ ಹಲಗೆ ಎಚ್ಚರಗೊಳ್ಳಲಿಲ್ಲ. ಮೂಲ ಕಡತ ವ್ಯವಸ್ಥೆಯನ್ನು ತೆರೆಯಲಾಗಲಿಲ್ಲವೆಂದು ಬರೆದು ಪರದೆ ನಿಂತುಬಿಟ್ಟಿತು. ದನಿಗಳೆಲ್ಲ ಅಳಿಸಿಹೋದವೇ ಎಂದು ನಾವು ಗಾಬರಿಯಾದೆವು.

“ಎಲ್ಲಾ ಒಳಗೇ ಇದೆ ಮಾಮಾ, ತೆಗೆಯೋದಕ್ಕೆ ಆಗ್ತಾ ಇಲ್ಲ ಅಷ್ಟೇ” ಎಂದು ಅವನು ಕರ್ನೆಲ್ಲಿನ ಆಯ್ಕೆಗಳ ಪಟ್ಟಿಯನ್ನು ತೆರೆದು ತೋರಿಸಿದ.

ಆ ಪಟ್ಟಿಯಲ್ಲಿ ಬಹುಪಾಲು ಸಂಗತಿಗಳಿಗೆ ಮೂರು ಉತ್ತರಗಳುಂಟು. ನಕ್ಷತ್ರ ಹಾಕಿದರೆ ಅದು ಕರ್ನೆಲ್ಲಿನಲ್ಲೇ ಬೆಸೆದುಕೊಳ್ಳುತ್ತದೆ. ಎಂ ಎಂದರೆ ಮಾಡ್ಯೂಲ್: ಬೇರೆ ಕಡತವಾಗಿ ಕುಳಿತು, ಬೇಕಾದಾಗ ಬಂದು ಸೇರುತ್ತದೆ. ಖಾಲಿ ಬಿಟ್ಟರೆ ಇಲ್ಲವೇ ಇಲ್ಲ. ಹಲಗೆಯೊಡನೆ ಬಂದಿದ್ದ ಸಿದ್ಧ ಕರ್ನೆಲ್ಲಿನಲ್ಲಿ ಯುಬಿಐಎಫ್‌ಎಸ್ ಮಾಡ್ಯೂಲ್ ಆಗಿತ್ತು. ಆ ಮಾಡ್ಯೂಲ್ ಇದ್ದದ್ದು ಎಲ್ಲಿ? ಯುಬಿಐಎಫ್‌ಎಸ್ ಇಲ್ಲದೆ ತೆರೆಯಲಾಗದ ಅದೇ ಫ್ಲ್ಯಾಶಿನೊಳಗೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗಿತ್ತು.

ನಕ್ಷತ್ರ ಹಾಕೆಂದೆವು. ಹಾಕಲು ಪಟ್ಟಿ ಒಪ್ಪಲಿಲ್ಲ. ಯುಬಿಐಎಫ್‌ಎಸ್ ನಿಂತಿರುವುದು ಯುಬಿಐ ಮೇಲೆ, ಯುಬಿಐ ನಿಂತಿರುವುದು ಫ್ಲ್ಯಾಶನ್ನು ಗುರುತಿಸುವ ಎಂಟಿಡಿ ಮೇಲೆ. ಕೆಳಗಿನದು ಮಾಡ್ಯೂಲ್ ಆಗಿರುವವರೆಗೆ ಮೇಲಿನದನ್ನು ಬೆಸೆಯಲು ಬರುವುದಿಲ್ಲ. ಕೆಳಗಿನದನ್ನು ಖಾಲಿ ಬಿಟ್ಟರೆ ಮೇಲಿನ ಆಯ್ಕೆ ಕಣ್ಣಿಗೇ ಬೀಳದು. ಆದ್ದರಿಂದ ಅವನು ತಳದಿಂದ ಹೊರಟ: ಎಂಟಿಡಿ, ಹಲಗೆಯ ನ್ಯಾಂಡ್ ಚಾಲಕ, ಯುಬಿಐ, ಕೊನೆಗೆ ಯುಬಿಐಎಫ್‌ಎಸ್. ನಾಲ್ಕಕ್ಕೂ ನಕ್ಷತ್ರ ಬಿದ್ದ ಕರ್ನೆಲ್ಲನ್ನು ಕಟ್ಟಿ ಕೂರಿಸಿದ ಮೇಲೆ ಹಲಗೆ ಎಚ್ಚರಗೊಂಡಿತು.

ನಮ್ಮ ಯೋಚನೆ ಆಗ ಪಟ್ಟಿಯನ್ನು ಬಿಟ್ಟು ಹುಡುಗನ ಕಡೆ ಹೊರಳಿತು. ಹೊರನಾಡಿನ ನಮ್ಮ ಮನೆಗಳಲ್ಲಿ ಕನ್ನಡದ ಓದು ಬಹುಮಟ್ಟಿಗೆ ಮಾಡ್ಯೂಲ್ ಆಗಿದೆ. ಶಾಲೆಗೆ ಇಂಗ್ಲಿಷ್, ಬೀದಿಗೆ ಮರಾಠಿ. ಕನ್ನಡದ ಅಕ್ಷರ ಬೇಕಾದಾಗ ಕಲಿತರಾಯಿತು ಎನ್ನುತ್ತೇವೆ. ಬೇಕು ಎನ್ನಿಸುವಂಥದ್ದೆಲ್ಲ ಇರುವುದು ಕನ್ನಡ ಪುಸ್ತಕಗಳ ಒಳಗೆ. ಅವನ್ನು ತೆರೆಯದವನಿಗೆ ಬೇಕು ಎನ್ನಿಸುವುದಾದರೂ ಹೇಗೆ?

ಇದನ್ನು ಅವನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. “ಬೆಸೆಯಲೇಬೇಕು ಅಂತೇನಿಲ್ಲ ಮಾಮಾ. ಇನಿಟ್‌ರ್ಯಾಮ್‌ಎಫ್‌ಎಸ್ ಅಂತ ಒಂದಿದೆ” ಎಂದ. ಕರ್ನೆಲ್ಲಿನ ಜೊತೆಗೇ ಸ್ಮೃತಿಗೆ ಬರುವ ಪುಟ್ಟ ತಾತ್ಕಾಲಿಕ ಕಡತ ವ್ಯವಸ್ಥೆ ಅದು. ಬಾಗಿಲು ತೆರೆಯಲು ಬೇಕಾದ ಮಾಡ್ಯೂಲುಗಳನ್ನಷ್ಟೇ ಅದರಲ್ಲಿ ಕಟ್ಟಿಕೊಡಬಹುದು. ಮನೆ ಸೇರಿದ ಮೇಲೆ ಅದರ ಕೆಲಸ ಮುಗಿಯಿತು. ಪ್ರಯಾಣಕ್ಕೆ ಕಟ್ಟಿಕೊಡುವ ಬುತ್ತಿಯೇ ಸರಿ. ಸಣ್ಣ ಹಲಗೆಗೆ ಬೆಸೆಯುವುದೇ ಸಲೀಸೆಂದು ಅವನು ಬುತ್ತಿ ಕಟ್ಟಿರಲಿಲ್ಲ. ನಮ್ಮ ವಾದಕ್ಕಾದರೋ ಅಲ್ಲಿ ಬಿರುಕು ಬಿತ್ತು. ಬಿದ್ದದ್ದು ಒಳ್ಳೆಯದೇ ಆಯಿತು. ಬಾಲ್ಯದಲ್ಲಿ ಬೆಸೆಯದಿದ್ದವರಿಗೂ ವಾರಕ್ಕೊಂದು ತರಗತಿಯ ಬುತ್ತಿ ಸಾಕಾದೀತು, ಯಾರಾದರೂ ಕಟ್ಟಿಕೊಟ್ಟರೆ.

ದನಿಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆವು. ಅದನ್ನು ಹಲಗೆಗೆ ಸಿಕ್ಕಿಸಿದಾಗ ನಾವಿಟ್ಟ ಕನ್ನಡ ಹೆಸರುಗಳೆಲ್ಲ ಪ್ರಶ್ನೆಚಿಹ್ನೆಗಳ ಸಾಲಾಗಿ ಕಂಡವು. ಪೆನ್‌ಡ್ರೈವಿನ ಫ್ಯಾಟ್ ವ್ಯವಸ್ಥೆಗೆ ಹೆಸರುಗಳನ್ನು ಯುಟಿಎಫ್-8 ರೂಪದಲ್ಲಿ ತೋರಿಸೆಂದು ಹೇಳುವ ಬೇರೆ ಆಯ್ಕೆಯಿದೆ. ಅದಕ್ಕೂ ಗುರುತು ಹಾಕಬೇಕಾಯಿತು. ಯುಬಿಐಎಫ್‌ಎಸ್‌ಗೆ ಆ ತೊಡಕಿಲ್ಲ. ಹೆಸರೆಂದರೆ ಅದಕ್ಕೆ 255ರವರೆಗಿನ ಬೈಟುಗಳ ಸಾಲು, ಅಷ್ಟೆ. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕು. ಗುಣಿತ, ಒತ್ತುಗಳೂ ಲೆಕ್ಕಕ್ಕೆ ಬರುತ್ತವೆ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ 18 ಬೈಟು. ಒಟ್ಟು 85 ಸಂಕೇತಗಳಲ್ಲಿ ಹಿರಿಯರ ಹೆಸರು, ಊರು, ವಿಷಯ ಎಲ್ಲವೂ ಮುಗಿಯಬೇಕು.

ಪ್ರಶ್ನೆಚಿಹ್ನೆಗಳು ಹೋಗಿ ಅಕ್ಷರಗಳು ಬಂದಾಗ ಹುಡುಗ ಪರದೆಯನ್ನು ನೋಡುತ್ತ ಕುಳಿತಿದ್ದ. ಅವನಿಗೆ ಎರಡೂ ಒಂದೇ ಆಗಿದ್ದವು. “ಇದರಲ್ಲಿ ನಮ್ಮ ಅಜ್ಜಿದು ಯಾವುದು ಮಾಮಾ?” ಎಂದು ಕೇಳಿದ. ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆವು. ಈಗ ಭಾನುವಾರಗಳಂದು ಬರುತ್ತಾನೆ. ಹೊಸ ಮುದ್ರಣಗಳ ಹೆಸರುಗಳನ್ನು ನಾವು ಹೇಳುತ್ತೇವೆ, ಅವನು ಟೈಪು ಮಾಡುತ್ತಾನೆ. ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ ಇನ್ನೂ ಎಡವುತ್ತಾನೆ.

ಹಲಗೆಯಲ್ಲಿ ಇನ್ನೂ ಹತ್ತು ಗಂಟೆಗಳ ಜಾಗವಿದೆ. ಥಾಣೆಯಿಂದ ಕಲ್ಯಾಣದವರೆಗೆ, ನವಿ ಮುಂಬಯಿಯ ಯಾವ ಮೂಲೆಯಲ್ಲೇ ಆಗಲಿ, ಮಾತಾಡಲು ಮನಸ್ಸಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ತಿಳಿಸಿ. ನಾವಿಬ್ಬರೂ ಬರುತ್ತೇವೆ.