ಭಾವನಗರದ ಬಾಲಮಂದಿರ

ಸೌರಾಷ್ಟ್ರದ ಪೂರ್ವತೀರದಲ್ಲಿ, ಖಂಭಾತದ ಕೊಲ್ಲಿಯ ಬಳಿ, ಭಾವನಗರವೆಂಬ ಪಟ್ಟಣವಿರುವುದು. 1723ರಲ್ಲಿ ಗೋಹಿಲ ವಂಶದ ಭಾವಸಿಂಹಜಿಯು ಇದನ್ನು ಕಟ್ಟಿಸಿದನು. ಅಹಮದಾಬಾದಿನಿಂದ ಇಲ್ಲಿಗೆ ಸುಮಾರು 170 ಕಿಲೋಮೀಟರು ದಾರಿ. ಊರಿನಲ್ಲಿ ಒಂದು ಸಣ್ಣ ಗುಡ್ಡವೂ, ಅದರ ಮೇಲೆ 1893ರಲ್ಲಿ ತಖ್ತಸಿಂಹಜಿ ಮಹಾರಾಜರು ಕಟ್ಟಿಸಿದ ತಖ್ತೇಶ್ವರ ಮಹಾದೇವನ ಬಿಳಿಯ ಅಮೃತಶಿಲೆಯ ದೇವಾಲಯವೂ ಉಂಟು. ಅಲ್ಲಿ ನಿಂತು ನೋಡಿದರೆ ಊರೆಲ್ಲವೂ, ದೂರದ ಕೊಲ್ಲಿಯೂ ಕಣ್ಣಿಗೆ ಬೀಳುವುವು. ಯಾತ್ರಿಕರು ಸ್ವಾಮಿಗೆ ಕೈಮುಗಿದು, ತಂಗಾಳಿಗೆ ಮೈಯೊಡ್ಡಿ ಇಳಿದುಬಿಡುವರು. ಆದರೆ ಮಕ್ಕಳಿಗೆ ಪಾಠ ಹೇಳಿ ಕೂದಲು ನರೆಸಿಕೊಂಡವರಿಗೆ ಈ ದೇವಾಲಯದ ಬಳಿಯಲ್ಲಿಯೇ ಇನ್ನೊಂದು ಮಂದಿರದ ದರ್ಶನವಾಗಬೇಕು. ಅದೇ ಗಿಜುಭಾಯಿ ಬಧೇಕಾ ಅವರ ಬಾಲಮಂದಿರ.

ಗಿಜುಭಾಯಿಯವರು 1885ರಲ್ಲಿ ಹುಟ್ಟಿದವರು, ವೃತ್ತಿಯಿಂದ ವಕೀಲರು. 1913ರಲ್ಲಿ ಅವರಿಗೆ ಪುತ್ರೋತ್ಸವವಾಯಿತು. ಈ ಮಗುವಿಗೆ ಎಂತಹ ಶಿಕ್ಷಣವನ್ನು ಕೊಡಬೇಕೆಂಬ ಚಿಂತೆಯಿಂದ ಇಟಲಿಯ ಮಾಂಟೆಸೊರಿ ಅವರ ಗ್ರಂಥಗಳನ್ನು ಓದತೊಡಗಿದರು. ಓದುತ್ತ ಓದುತ್ತ ನ್ಯಾಯಾಲಯದ ಮೋಹವೇ ಕಳಚಿತು. 1916ರಲ್ಲಿ ಅವರು ನಾನಾಭಾಯಿ ಭಟ್ಟರ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು; 1920ರಲ್ಲಿ ಎಳೆಯ ಮಕ್ಕಳಿಗಾಗಿ ಬಾಲಮಂದಿರವನ್ನು ತೆರೆದರು. ದಪ್ಪ ಮೀಸೆಯ ಈ ಮಹಾನುಭಾವರನ್ನು ಜನರು ‘ಮೂಛಾಳಿ ಮಾ’, ಎಂದರೆ ಮೀಸೆಯ ತಾಯಿ, ಎಂದು ಕರೆದರು.

ಶಾಲೆಯೆಂದರೆ ಮಕ್ಕಳು ಬಾಯಿ ಮುಚ್ಚಿಕೊಂಡು ಕುಳಿತಿರತಕ್ಕ ಸ್ಥಳವೆಂದು ಎಲ್ಲರೂ ತಿಳಿದಿದ್ದ ಕಾಲವದು. ಬಾಲಮಂದಿರದಲ್ಲಿ ಹಾಡು, ಮಾತುಕತೆ, ಕಥೆ, ನಾಟಕಗಳೇ ಪಾಠಗಳಾದುವು. ಮೌನವೂ ಇತ್ತು; ಆದರೆ ಅದು ಆಟವಾಗಿತ್ತು. ಮಾಂಟೆಸೊರಿ ಅವರು ಕಲ್ಪಿಸಿದ ಈ ಶಾಂತಿಯ ಆಟದಲ್ಲಿ ಮಕ್ಕಳು ಅಲುಗಾಡದೆ ಕುಳಿತುಕೊಳ್ಳುವರು. ಉಪಾಧ್ಯಾಯಿನಿಯು ದೂರದಿಂದ ಒಂದೊಂದೇ ಹೆಸರನ್ನು ಪಿಸುಮಾತಿನಲ್ಲಿ ಕರೆಯುವಳು. ತನ್ನ ಹೆಸರನ್ನು ಕೇಳಿದ ಮಗುವು ಸದ್ದಿಲ್ಲದೆ ಎದ್ದು ಆಕೆಯ ಬಳಿಗೆ ಹೋಗುವುದು. ಇಲ್ಲಿ ಮೌನವು ಶಿಕ್ಷೆಯಲ್ಲ, ಕಿವಿಗೆ ಸಾಧನೆ.

ಆದರೆ ಈ ಮೌನವು ಕೇಳಿದೊಡನೆ ದೊರೆಯುವ ವಸ್ತುವಲ್ಲ. ಗಿಜುಭಾಯಿಯವರ ‘ದಿವಾಸ್ವಪ್ನ’ವೆಂಬ ಪುಸ್ತಕದಲ್ಲಿ ಹೊಸ ಉಪಾಧ್ಯಾಯನೊಬ್ಬನು ನಾಲ್ಕನೆಯ ತರಗತಿಯ ಹುಡುಗರಿಂದ ಮೊದಲ ದಿನವೇ ಈ ಆಟವನ್ನು ಆಡಿಸಲು ಹೊರಡುವನು. ಹುಡುಗರ ಗದ್ದಲದಲ್ಲಿ ಆಟವು ಕೆಡುವುದು. ಅನಂತರ ಅವನು ಕಥೆ ಹೇಳಲು ತೊಡಗುವನು. ಅದೇ ಹುಡುಗರು ಉಸಿರು ಬಿಗಿಹಿಡಿದು ಕೇಳುವರು; ಕಥೆ ನಿಂತರೆ ಮುಂದಕ್ಕೆ ಹೇಳೆಂದು ಹಟ ಹಿಡಿಯುವರು. ಕಥೆಯಿಂದ ಓದು, ಕಥೆಯಿಂದ ನಾಟಕ, ಹೀಗೆ ಒಂದರಿಂದೊಂದು ಬೆಳೆಯುವುದು. ಇದರ ತಾತ್ಪರ್ಯವಿಷ್ಟೆ: ಕೇಳುವ ಗುಣವು ಆಜ್ಞೆಗೆ ಹುಟ್ಟುವುದಿಲ್ಲ, ಕೇಳತಕ್ಕ ಮಾತು ದೊರೆತಾಗ ಹುಟ್ಟುವುದು.

ಆ ದೇಶದಲ್ಲಿ ಕಥೆ ಹೇಳುವವನಿಗೆ ಕೇಳುವವನು ‘ಹೋಂಕಾರೊ’ ಕೊಡುವ ವಾಡಿಕೆಯುಂಟು. ಇದು ನಮಗೆ ಹೊಸದಲ್ಲ. ನಮ್ಮ ಅಜ್ಜಿಯರೂ ‘ಹ್ಞೂಂ ಅನ್ನುತ್ತಿರು, ಇಲ್ಲವಾದರೆ ಕಥೆ ನಿಲ್ಲಿಸುವೆ’ ಎನ್ನುತ್ತಿದ್ದವರೇ. ಆ ಒಂದು ಹುಂಕಾರದಲ್ಲಿ ಶ್ರವಣವೂ ಭಾಷಣವೂ ಕೂಡಿವೆ. ಮಗುವಿನ ಕಿವಿಯು ಎಚ್ಚತ್ತಿದೆಯೆಂದು ಅಜ್ಜಿಗೆ ತಿಳಿಯುವುದು. ತನ್ನ ದನಿಯಿಂದಲೇ ಕಥೆಯು ನಡೆಯುತ್ತಿದೆಯೆಂದು ಮಗುವಿಗೆ ಹೆಮ್ಮೆಯಾಗುವುದು.

ಮಾಂಟೆಸೊರಿ ಪದ್ಧತಿಯಲ್ಲಿ ಹೆಸರುಗಳನ್ನು ಕಲಿಸುವ ಮೂರು ಮೆಟ್ಟಿಲುಗಳುಂಟು. ಮೊದಲು, ‘ಇದು ನುಣುಪು, ಇದು ಒರಟು’ ಎಂದು ಮುಟ್ಟಿಸಿ ಹೇಳುವುದು; ಎರಡನೆಯದು, ‘ನುಣುಪಾದುದನ್ನು ಕೊಡು’ ಎಂದು ಕೇಳುವುದು; ಕೊನೆಗೆ, ‘ಇದು ಹೇಗಿದೆ?’ ಎಂದು ಪ್ರಶ್ನಿಸುವುದು. ಮಗುವಿನ ಬಾಯಿ ತೆರೆಯಬೇಕಾದುದು ಮೂರನೆಯ ಮೆಟ್ಟಿಲಲ್ಲಿ ಮಾತ್ರ. ನಮ್ಮ ವೇದಪಾಠದ ಸಂಥೆಯಲ್ಲಿಯೂ ಗುರುವಿನ ಉಚ್ಚಾರಣೆಯು ಮೊದಲು, ಶಿಷ್ಯನ ಪುನರುಕ್ತಿಯು ಅನಂತರ. ಹೆಣ್ಣುಹುಲಿಯು ತನ್ನ ಮರಿಗಳನ್ನು ಹಲ್ಲಿನಿಂದ ಕಚ್ಚಿ ಒಯ್ಯುವಾಗ ಹೇಗೆ ನೋಯಿಸದೆ, ಬೀಳಿಸದೆ ಒಯ್ಯುವುದೋ, ಹಾಗೆ ವರ್ಣಗಳನ್ನು ಉಚ್ಚರಿಸಬೇಕೆಂದು ಪಾಣಿನೀಯ ಶಿಕ್ಷೆಯು ಹೇಳುವುದು. ಮಕ್ಕಳ ತೊದಲನ್ನು ತಿದ್ದುವವರಿಗೂ ಈ ಹುಲಿಯೇ ಗುರುವಾಗಬೇಕು. ತಪ್ಪನ್ನು ಎತ್ತಿ ನಗುವವರ ಮುಂದೆ ಮಗುವು ಎರಡನೆಯ ಸಲ ಬಾಯಿ ಬಿಡುವುದಿಲ್ಲ.

1939ರಲ್ಲಿ ಗಿಜುಭಾಯಿಯವರು ತೀರಿಕೊಂಡರು. ಅವರೊಡನೆ ಭಾವನಗರದಲ್ಲಿ ದುಡಿದ ತಾರಾಬಾಯಿ ಮೋಡಕರು ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಬಡವರ ಅಂಗಳಕ್ಕೇ ಬಾಲಶಿಕ್ಷಣವನ್ನು ಒಯ್ದರು. ಅದಕ್ಕೆ ಅಂಗನವಾಡಿಯೆಂದು ಹೆಸರಾಯಿತು. 1975ರಲ್ಲಿ ಸರ್ಕಾರದ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ನಾಡಿನ ತಿರುಮಕೂಡಲು ನರಸೀಪುರದಲ್ಲಿ ಆರಂಭವಾದಾಗ ಆ ಹೆಸರೇ ಇಲ್ಲಿಗೂ ಬಂದಿತು. ಇಂದು ನಮ್ಮ ಹಳ್ಳಿಹಳ್ಳಿಯಲ್ಲಿಯೂ ಅಂಗನವಾಡಿಯುಂಟು. ಅಲ್ಲಿ ಹೊಟ್ಟೆಗೆ ಆಹಾರ ದೊರೆಯುವಂತೆ ಕಿವಿಗೂ ಆಹಾರ ದೊರೆಯಬೇಕು.

ಆದರೆ ಮೊದಲನೆಯ ಬಾಲಮಂದಿರವು ಮನೆಯೇ ಅಲ್ಲವೆ? ಅಳುವ ಕೂಸಿನ ಕೈಗೆ ಮೊಬೈಲನ್ನಿತ್ತು ಸುಮ್ಮನಾಗಿಸುವುದು ಈಗ ಸಾಮಾನ್ಯವಾಗಿದೆ. ಆ ಯಂತ್ರವು ಎಷ್ಟು ಬೇಕಾದರೂ ಮಾತನಾಡೀತು. ಕೂಸಿನ ಮುಖ ನೋಡಿ, ಅದರ ‘ಹ್ಞೂಂ’ಗಾಗಿ ಕಾಯಲಾರದು. ಗೃಹಸ್ಥರು ಮಾಡಬೇಕಾದುದು ಸ್ವಲ್ಪವೇ. ರಾತ್ರಿ ಒಂದು ಕಥೆ ಹೇಳಿ, ನಡುವೆ ನಿಲ್ಲಿಸಿ, ‘ಮುಂದೇನಾಯಿತು?’ ಎಂದು ಕೇಳಿರಿ. ಊಟದ ಹೊತ್ತಿಗೆ ಒಂದು ಒಗಟು ಒಡ್ಡಿರಿ. ಅಡುಗೆಮನೆಯಿಂದ ಪಡಸಾಲೆಗೆ ಒಂದು ಸಂದೇಶವನ್ನು ಮಗುವಿನ ಬಾಯಲ್ಲೇ ಕಳುಹಿಸಿ ಉತ್ತರ ತರಿಸಿರಿ. ಅದು ಹೇಳಿ ಮುಗಿಸುವ ತನಕ ನೀವು ನಡುವೆ ಬಾಯಿ ಹಾಕಬೇಡಿರಿ. ಮಗುವಿನ ಮಾತಿಗೆ ಹಿರಿಯರು ಕಿವಿಗೊಟ್ಟ ಮನೆಯಲ್ಲಿ, ಹಿರಿಯರ ಮಾತಿಗೆ ಮಗುವೂ ಕಿವಿಗೊಡುವುದು.