ಚಿನ್ನದ ಗಣಿಯ ಊರಿನಲ್ಲಿ ಒಂದು ವಾರ

ಉಪನ್ಯಾಸ, ಕ್ಷೇತ್ರ ಭೇಟಿ, ಕಾರ್ಯಾಗಾರ. ಸಮಾಜ ವಿಜ್ಞಾನ ಬೋಧನಾ ವಿಧಾನವನ್ನು ಕಲಿಸುವ ನಮಗೆ ಈ ಮೂರು ಪದಗಳು ಬಾಯಿಪಾಠ. ವರ್ಷದ ಕ್ರಿಯಾಯೋಜನೆಯಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗುತ್ತೇವೆ. ಒಂದೇ ವಿಷಯದ ಬಗ್ಗೆ, ಒಂದೇ ವಾರದಲ್ಲಿ ಮೂರೂ ನಡೆದದ್ದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಕೆ.ಜಿ.ಎಫ್.ನಲ್ಲಿ ಸಿಕ್ಕಿತು. ಬೋಧನಾಭ್ಯಾಸಕ್ಕೆಂದು ನಮ್ಮ ಹದಿನಾಲ್ಕು ಪ್ರಶಿಕ್ಷಣಾರ್ಥಿಗಳು ಅಲ್ಲಿನ ಪ್ರೌಢಶಾಲೆಗಳಿಗೆ ಹೋಗಿದ್ದರು.

ಉಪನ್ಯಾಸ ಕೊಟ್ಟವರು ನಿವೃತ್ತ ಇತಿಹಾಸ ಅಧ್ಯಾಪಕರು. ಸಾರ್ವಜನಿಕರಿಗೂ ಪ್ರವೇಶವಿತ್ತು. ಮುಂದಿನ ಎರಡು ಸಾಲುಗಳಲ್ಲಿ ಗಣಿಯಲ್ಲಿ ದುಡಿದ ಹಿರಿಯರು ಕೂತಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಬಂದದ್ದು, ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ತಂತಿಯ ಮೇಲೆ 1902ರಲ್ಲಿ ಇಲ್ಲಿಗೆ ವಿದ್ಯುತ್ ಹರಿದದ್ದು, 1956ರಲ್ಲಿ ಗಣಿ ಸರ್ಕಾರದ ವಶಕ್ಕೆ ಬಂದದ್ದು, 2001ರ ಫೆಬ್ರವರಿ 28ರಂದು ಮುಚ್ಚಿದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದರು. ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಇಲ್ಲಿಗೆ ಕರೆಂಟು ಬಂತು ಎನ್ನುವುದನ್ನು ನಾವೆಲ್ಲ ಹೆಮ್ಮೆಯ ವಾಕ್ಯವಾಗಿ ಪಾಠ ಮಾಡುತ್ತೇವೆ. ಅವರು ಅಲ್ಲೇ ನಿಂತು, 'ಕರೆಂಟು ಬಂದದ್ದು ಯಂತ್ರಕ್ಕೆ' ಎಂದರು. ಮುಂದಿನ ಸಾಲಿನಲ್ಲಿ ಒಬ್ಬರು ತಲೆಯಾಡಿಸಿದರು. ಗಣಿಗಿಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳು ಮಾತಿನ ದಲಿತರು. ಊರಿನ ಬಡತನದಿಂದ, ಜಮೀನ್ದಾರರ ಜೀತದಿಂದ ತಪ್ಪಿಸಿಕೊಂಡು ಬಂದವರಿಗೆ ಗಣಿಯ ಕತ್ತಲೆಯೂ ಒಂದು ಬಿಡುಗಡೆಯಾಗಿ ಕಂಡಿರಬಹುದು. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಇಲ್ಲಿ ಬೇರೂರಿದ್ದಕ್ಕೂ ಇದೇ ಹಿನ್ನೆಲೆ. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ 1998ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಪ್ರಶಿಕ್ಷಣಾರ್ಥಿಗಳು ಗುರುತು ಹಾಕಿಕೊಂಡರು. ಉಪನ್ಯಾಸದಿಂದ ಆಗುವ ಕೆಲಸ ಚೆನ್ನಾಗಿಯೇ ಆಯಿತು. 'ಯಾಕೆ' ಎಂಬುದನ್ನು ಹೇಳಲು ಇಂದಿಗೂ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಪ್ರವಾಸದ ಮಾತು ಬೇರೆ. ನಮ್ಮನ್ನು ಕರೆದೊಯ್ದವರು ಕ್ಲಬ್ಬು, ಬಂಗಲೆ, ಇಗರ್ಜಿ ತೋರಿಸಿದರು. 'ಲಿಟಲ್ ಇಂಗ್ಲೆಂಡ್' ಎಂಬ ಮಾತು ಎಷ್ಟು ಸಲ ಬಂತೋ ಲೆಕ್ಕವಿಡಲಿಲ್ಲ. ಪಾರಂಪರಿಕ ನಡಿಗೆಗಳ ಹಣೆಬರಹವೇ ಇದು. ಗಟ್ಟಿಯಾಗಿ ಕಟ್ಟಿದ್ದು ಉಳಿಯುತ್ತದೆ, ಉಳಿದದ್ದನ್ನೇ ತೋರಿಸುತ್ತಾರೆ. ತಟ್ಟಿಯ ಗುಡಿಸಲು ಉಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನಮ್ಮ ಗುಂಪಿನ ಒಬ್ಬ ಹುಡುಗಿ ಹತ್ತಿರ ಬಂದು, "ಸರ್, ಲೈನ್ ಕಡೆಗೂ ಹೋಗೋಣ್ವಾ?" ಎಂದಳು. ಅವಳು ಅದೇ ಊರಿನವಳು. ಗಣಿ ಮುಚ್ಚಿದ ಮೇಲೆ ಅವಳ ಅಪ್ಪ ಮಾರಿಕುಪ್ಪಂನಿಂದ ರೈಲು ಹಿಡಿದು ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ.

ಆಮೇಲಿನ ಎರಡು ಗಂಟೆ ಅವಳೇ ಮಾರ್ಗದರ್ಶಕಿ. ಒಂದಕ್ಕೊಂದು ಅಂಟಿದ ಲೈನ್ ಮನೆಗಳು, ಹಂಚಿಕೊಂಡು ಬಳಸುವ ನಲ್ಲಿ, ಎದುರಿಗೆ ಗಾಳಿ ಬಂದರೆ ಧೂಳೇಳುವ ಸೈನೈಡ್ ದಿಬ್ಬ. ಒಳಗೆ ಬಂಡೆ ಸಿಡಿದರೆ ಮನೆಯ ಪಾತ್ರೆಗಳು ಅಲುಗುತ್ತಿದ್ದವಂತೆ. ಆಗ ಹೆಂಗಸರು ಒಲೆ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರೆಂದು ಅವಳ ಅಜ್ಜಿ ಹೇಳಿದ್ದಳಂತೆ. ಮೂರು ಕಿಲೋಮೀಟರಿಗೂ ಹೆಚ್ಚಿನ ಆಳ ಎಂಬ ಅಂಕಿಯನ್ನು ಬೆಳಿಗ್ಗೆ ಬರೆದುಕೊಂಡಿದ್ದವರು ಆಗ ಸುಮ್ಮನೆ ಕಾಲ ಕೆಳಗಿನ ನೆಲ ನೋಡಿದರು.

ಕಾರ್ಯಾಗಾರದಲ್ಲಿ ತಕರಾರು ಹುಟ್ಟಿತು. ಸಂಪನ್ಮೂಲ ವ್ಯಕ್ತಿಗಳು ಒಂದು ಚಟುವಟಿಕೆ ಕೊಟ್ಟರು: ಮಕ್ಕಳು ಮನೆಯಿಂದ ಹಳೆಯ ವಸ್ತುವೊಂದನ್ನು ತಂದು ಅದರ ಕಥೆ ಹೇಳಬೇಕು. ವಸ್ತುಸಂಗ್ರಹಾಲಯಗಳಿಂದ ತರಗತಿಗೆ ಬಂದಿರುವ ಈ ವಿಧಾನವನ್ನು ನಾನೂ ಕಲಿಸುತ್ತೇನೆ, ನನಗೆ ಅದರಲ್ಲಿ ನಂಬಿಕೆಯೂ ಇದೆ. ಆ ಹುಡುಗಿ ಎದ್ದು ನಿಂತು, "ನನ್ನ ಒಂಬತ್ತನೇ ತರಗತಿಯಲ್ಲಿ ಇದನ್ನು ಮಾಡಿಸಲ್ಲ ಸರ್" ಎಂದಳು. ಯಾಕಮ್ಮಾ ಎಂದರೆ, "ಒಬ್ಬಳು ಬೆಳ್ಳಿ ಕುಂಕುಮಭರಣಿ ತರ್ತಾಳೆ. ಇನ್ನೊಬ್ಬ ತಾತನ ಎಕ್ಸ್‌ರೇ ತರ್ತಾನೆ. ಪೀರಿಯಡ್ ಮುಗಿಯೋದ್ರೊಳಗೆ ಯಾರ ಜಾತಿ ಯಾವುದು ಅಂತ ಎಲ್ರಿಗೂ ಗೊತ್ತಾಗಿರುತ್ತೆ" ಎಂದಳು. ಮಕ್ಕಳ ಅನುಭವವೇ ಪಠ್ಯವಾಗಬೇಕು ಎಂದು ಹೇಳುತ್ತಾ ಬಂದ ನಾವು ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಅನುಭವವನ್ನು ಹೇಳುವ ಹಕ್ಕಿನಷ್ಟೇ ಹೇಳದಿರುವ ಹಕ್ಕೂ ಮಗುವಿಗೆ ಸೇರಿದ್ದು ಎಂಬುದು ಯಾವ ಪಾಠಯೋಜನೆಯ ನಮೂನೆಯಲ್ಲೂ ಇಲ್ಲ.

ಅವಳು ಮಾಡಿದ ಪಾಠ ಹೀಗಿತ್ತು. ಎಲ್ಲರಿಗೂ ಸೇರಿದ ವಸ್ತು ಎಂದು ಊರಿನ ನಕ್ಷೆಯನ್ನೇ ಹಲಗೆಗೆ ಅಂಟಿಸಿದಳು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಗಿಫರ್ಡ್ ಶಾಫ್ಟ್ ಎಂದು ಮಕ್ಕಳಿಂದ ಹೆಸರು ಓದಿಸಿದಳು. ಐದು ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಮಿಸ್, ಒಳಗೆ ಇಳಿದೋರ ಹೆಸರು ಒಂದೂ ಇಲ್ವಲ್ಲ?" ಅವಳು ಉತ್ತರ ಕೊಡದೆ ಚೀಲದಿಂದ ಶಾಯಿಯ ಪ್ಯಾಡ್ ತೆಗೆದಳು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು ಎಂದಳು. ಕಂಪನಿಗೆ ಬೆರಳಚ್ಚು ಯಾಕೆ ಬೇಕಿತ್ತು? "ಓಡಿಹೋದ್ರೆ ಹಿಡಿಯೋಕೆ." "ಜಗಳ ಮಾಡ್ದೋರಿಗೆ ಮತ್ತೆ ಕೆಲ್ಸ ಕೊಡ್ದೇ ಇರೋಕೆ." ಮೂರನೆಯವನು, "ರೇಷನ್ ಅಂಗಡೀಲಿ ನಾವೂ ಹೆಬ್ಬೆಟ್ಟು ಕೊಡ್ತೀವಲ್ಲ ಮಿಸ್, ನಾವ್ಯಾಕೆ ಜಗಳ ಮಾಡಲ್ಲ?" ಎಂದ. ತರಗತಿ ಎರಡು ಭಾಗವಾಗಿ ವಾದಕ್ಕಿಳಿಯಿತು. ಒಳಗೊಳಗೇ ತಮಿಳಿನಲ್ಲಿ, ಅವಳ ಕಡೆ ತಿರುಗಿದಾಗ ಕನ್ನಡದಲ್ಲಿ. ಅವಳು ಎರಡನ್ನೂ ಕೇಳಿಸಿಕೊಂಡಳು.

ಗಂಟೆ ಹೊಡೆಯಲು ಇನ್ನೇನು ಐದು ನಿಮಿಷ ಇದ್ದಾಗ ಕಿಟಕಿ ಪಕ್ಕದ ಹುಡುಗ, ಯಾರೂ ಕೇಳದೆಯೇ, "ನಮ್ಮ ತಾತ ಒಳಗೇ ಹೋದ್ರು" ಎಂದ. ಯಾರೂ ಮಾತಾಡಲಿಲ್ಲ. ಅವಳು ಸೀಮೆಸುಣ್ಣ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ, "ಹೆಸರು ಹೇಳ್ತೀಯಾ, ಬೇಡ್ವಾ?" ಎಂದಳು. ಅವನು ಹೇಳಿದ. ಅದನ್ನು ನಕ್ಷೆಯ ಮೇಲೆ, ಶಾಫ್ಟಿನ ಪಕ್ಕದಲ್ಲಿ ಬರೆದಳು.

ವೀಕ್ಷಣಾ ಪಟ್ಟಿಯನ್ನು ತುಂಬುವಾಗ ನನ್ನ ಜೊತೆಗಿದ್ದ ಮೇಲ್ವಿಚಾರಕರು ಮೌಲ್ಯಮಾಪನ ಹಂತ ಬಿಟ್ಟುಹೋಗಿದೆ ಎಂದು ಅಂಕ ಕಳೆದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ, ಗೃಹಪಾಠವನ್ನೂ ಅವಳು ಕೊಟ್ಟಿರಲಿಲ್ಲ. 'ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ' ಕಾಲಂನಲ್ಲಿ ನಾನು ಪೂರ್ಣ ಅಂಕ ಹಾಕಿದೆ. ಸಿಬ್ಬಂದಿ ಕೊಠಡಿಯಲ್ಲಿ ಚಹಾ ಆರುವವರೆಗೂ ಇದರ ಬಗ್ಗೆ ವಾದ ನಡೆಯಿತು, ಇತ್ಯರ್ಥವಾಗಲಿಲ್ಲ.

ಮುಂದಿನ ವರ್ಷದ ತಂಡಕ್ಕೆ ಕಾರ್ಯಕ್ರಮದ ಕ್ರಮ ಬದಲಿಸಿದ್ದೇವೆ. ಮೊದಲ ದಿನ ಬೆಳಗಿನ ಜಾವ ಮಾರಿಕುಪ್ಪಂ ರೈಲು ನಿಲ್ದಾಣ, ಆಮೇಲೆ ಲೈನುಗಳು, ಬಂಗಲೆಗಳು ಮಧ್ಯಾಹ್ನಕ್ಕೆ. ಉಪನ್ಯಾಸ ಮೂರನೆಯ ದಿನ, ಪ್ರಶ್ನೆಗಳು ಕೈಯಲ್ಲಿರುವಾಗ. ವಸ್ತು ತರುವ ಚಟುವಟಿಕೆ ಪಟ್ಟಿಯಲ್ಲಿ ಉಳಿದಿದೆ. ಅದರ ಪಕ್ಕದಲ್ಲಿ 'ಇಷ್ಟವಿದ್ದವರು ಮಾತ್ರ' ಎಂದು ಆ ಹುಡುಗಿಯೇ ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದಾಳೆ.